ಹೆರಿಗೆಯಾಗಿ 3 ವಾರ, ಎಚ್‌ಬಿ 8.6. ಮಾಂಸ ಮೊಟ್ಟೆ ತಿನ್ನದವರು ಏನು ತಿನ್ನಬೇಕು?

ಹೊಸ ಅಮ್ಮ ತುಮಕೂರು
ಎಲ್ಲರಿಗೂ ನಮಸ್ಕಾರ. ನನಗೆ ಹೆರಿಗೆಯಾಗಿ 23 ದಿನ ಆಯಿತು. ನಾರ್ಮಲ್ ಹೆರಿಗೆ, ಆದರೆ ರಕ್ತ ಜಾಸ್ತಿ ಹೋಯಿತು. ಮನೆಗೆ ಕಳಿಸುವಾಗ ರಕ್ತದ ಹಿಮೋಗ್ಲೋಬಿನ್, ಅಂದರೆ ಎಚ್‌ಬಿ 8.6 ಇತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ನುಂಗಿದರೆ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಕೆಳಗೆ ಹೊಲಿಗೆ ಬೇರೆ ಇದೆ, ಮಲಕ್ಕೆ ಹೋಗುವುದೇ ಭಯ. ನಾಲ್ಕು ದಿನ ನುಂಗಿ ಬಿಟ್ಟುಬಿಟ್ಟೆ.

ಈಗ ತವರಿನಲ್ಲಿದ್ದೇನೆ. ಅಮ್ಮನ ಪಥ್ಯ ತುಂಬಾ ಬಿಗಿ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಬಿಳಿ ಅನ್ನ, ಇಷ್ಟೇ. ಸೊಪ್ಪು ತಿಂದರೆ ಮಗುವಿಗೆ ಹಸಿರು ಭೇದಿ ಆಗುತ್ತದೆ ಅಂತಾರೆ. ಹಣ್ಣು ಶೀತ, ಕಾಳು ವಾಯು. ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದಂತೆ. ಅಮ್ಮ ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ರಾತ್ರಿಯೆಲ್ಲ ಮಗು ಎತ್ತಿಕೊಂಡು ಕೂರುತ್ತಾರೆ. ಅವರ ಜೊತೆ ಜಗಳ ಆಡಲು ಮನಸ್ಸಿಲ್ಲ. ಆದರೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತು.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಾತ್ರೆ ಇಲ್ಲದೆ ಬರೀ ಊಟದಿಂದ ರಕ್ತ ಏರಿಸಿಕೊಳ್ಳಬಹುದಾ? ನನಗೆ ರಕ್ತ ಕಡಿಮೆ ಇದ್ದರೆ ಹಾಲು ಕುಡಿಯುವ ಮಗುವಿಗೂ ಕಡಿಮೆ ಆಗುತ್ತದಾ? ಯಾರಿಗಾದರೂ ಹೀಗೆ ಆಗಿದ್ದರೆ ದಯವಿಟ್ಟು ಹೇಳಿ.

ಮಂಡ್ಯದ ಮಗಳು
ಬೀಟ್ರೂಟ್ ಜ್ಯೂಸ್, ದಾಳಿಂಬೆ ಜ್ಯೂಸ್. ದಿನಾ ಒಂದೊಂದು ಲೋಟ. ಹದಿನೈದು ದಿನದಲ್ಲಿ ಏರುತ್ತದೆ, ನನ್ನ ತಂಗಿಗೆ ಏರಿದೆ.

ಶಿರಾ ಸೊಸೆ
ಅಯ್ಯೋ ಪಾಪ. ನನಗೂ ಎರಡನೇ ಹೆರಿಗೆಯಲ್ಲಿ 7.9 ಇತ್ತು. ಮೊದಲು ಮಲಗಿದ್ದಲ್ಲಿಂದ ತಟ್ಟನೆ ಏಳಬೇಡಿ. ಎರಡು ನಿಮಿಷ ಕೂತು ಆಮೇಲೆ ಎದ್ದೇಳಿ. ಮಗು ಎತ್ತಿಕೊಂಡು ಒಬ್ಬರೇ ಓಡಾಡಬೇಡಿ.

ನರ್ಸಕ್ಕ
ಹೆರಿಗೆ ವಾರ್ಡಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಂಗಿ, ಮಗುವಿನ ಚಿಂತೆ ಮೊದಲು ಬಿಡಿ. ನಿಮಗೆ ರಕ್ತ ಕಡಿಮೆ ಇದೆ ಅಂತ ನಿಮ್ಮ ಹಾಲಿನಲ್ಲಿ ಕಬ್ಬಿಣ ಅಷ್ಟೇನೂ ಕಡಿಮೆ ಆಗುವುದಿಲ್ಲ. ದಿನ ತುಂಬಿ ಹುಟ್ಟಿದ ಮಗು ಹೊಟ್ಟೆಯಲ್ಲಿರುವಾಗಲೇ ಸುಮಾರು ಆರು ತಿಂಗಳಿಗೆ ಆಗುವಷ್ಟು ಕೂಡಿಟ್ಟುಕೊಂಡಿರುತ್ತದೆ. ಈಗ ಚಿಂತೆ ಮಾಡಬೇಕಾದದ್ದು ನಿಮ್ಮದು.

ಇನ್ನು ಲೆಕ್ಕ. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋಯಿತು ಅಂದುಕೊಳ್ಳಿ. ಅದರ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೋಗಿರುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದಲ್ಲಿ ನಮ್ಮ ದೇಹ ಹೀರಿಕೊಳ್ಳುವುದು ನೂರಕ್ಕೆ ಐದೋ ಎಂಟೋ ಭಾಗ. ಚೆನ್ನಾಗಿ ತಿಂದು 15 ಮಿಲಿಗ್ರಾಂ ಒಳಗೆ ಹೋದರೂ ರಕ್ತಕ್ಕೆ ಸೇರುವುದು ಒಂದು ಮಿಲಿಗ್ರಾಂ ಚಿಲ್ಲರೆ. ದೇಹದ ದಿನದ ಖರ್ಚೇ ಹೆಚ್ಚುಕಡಿಮೆ ಅಷ್ಟಿದೆ. ಹೋದದ್ದನ್ನು ತುಂಬಲು ಏನೂ ಉಳಿಯುವುದಿಲ್ಲ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಹೀರಿದರೂ 6 ಮಿಲಿಗ್ರಾಂ.

ಅದಕ್ಕೇ ಹೇಳುವುದು, 8.6 ಇರುವವರು ಬರೀ ಊಟ ನಂಬಿ ಕೂರಬಾರದು. ಮಾತ್ರೆ ಮತ್ತೆ ಶುರು ಮಾಡಿ, ಜೊತೆಗೆ ಊಟ ಸರಿ ಮಾಡಿಕೊಳ್ಳಿ. ಬಾಣಂತಿಗೆ ಹೆರಿಗೆಯಾದ ಮೇಲೆ 180 ದಿನ ಮಾತ್ರೆ ಕೊಡಬೇಕು ಅಂತ ನಿಯಮವೇ ಇದೆ. ಆಶಾ ಅಕ್ಕನನ್ನು ಕೇಳಿ, ಹಣ ಕೊಡಬೇಕಾಗಿಲ್ಲ.

@ಮಂಡ್ಯದ ಮಗಳು, ಬೀಟ್ರೂಟ್ ಬಣ್ಣ ಕೆಂಪು ಅಷ್ಟೇ. ನೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ.

ಮಂಡ್ಯದ ಮಗಳು
ಹಾಗಾದರೆ ನನ್ನ ತಂಗಿಗೆ ಹೇಗೆ ಏರಿತು? ಸುಳ್ಳು ಹೇಳ್ತಿಲ್ಲ, ರಿಪೋರ್ಟ್ ನಾನೇ ನೋಡಿದ್ದೇನೆ. 9.2 ಇದ್ದದ್ದು 10.4 ಆಯಿತು.

ನರ್ಸಕ್ಕ
ಸುಳ್ಳು ಅಂತ ನಾನು ಹೇಳಲಿಲ್ಲ ತಾಯಿ. ಅವರು ಮಾತ್ರೆ ತಗೊಳ್ಳುತ್ತಿದ್ದರಾ? ಇನ್ನೊಂದು ವಿಷಯ, ಬಸಿರಿಯ ರಕ್ತ ಸ್ವಲ್ಪ ತೆಳುವಾಗಿರುತ್ತದೆ. ಹೆರಿಗೆಯಾದ ಮೇಲೆ ಆ ಹೆಚ್ಚಿನ ನೀರಿನಂಶ ಇಳಿಯುತ್ತದೆ. ಅದರಿಂದಲೇ ಕೆಲವು ವಾರಗಳಲ್ಲಿ ಎಚ್‌ಬಿ ಸ್ವಲ್ಪ ಏರಿದಂತೆ ಕಾಣುತ್ತದೆ.

ಮಂಡ್ಯದ ಮಗಳು
ತಂಗಿಗೆ ಫೋನ್ ಮಾಡಿ ಕೇಳಿದೆ. ಮಾತ್ರೆನೂ ತಗೊಳ್ಳುತ್ತಿದ್ದಳಂತೆ. ಸರಿ ಅಕ್ಕ, ಒಪ್ಪಿಕೊಂಡೆ. ಆದರೆ ಹಣ್ಣು ಕೊಡಲೇಬೇಕು ಅನ್ನುವುದರಲ್ಲಿ ಬದಲಾವಣೆ ಇಲ್ಲ.

ನರ್ಸಕ್ಕ
ಅದು ನೂರಕ್ಕೆ ನೂರು ಸರಿ. ಹಣ್ಣಿನಲ್ಲಿರುವ ಸಿ ವಿಟಮಿನ್ನೇ ಸೊಪ್ಪು ಕಾಳಿನ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುವುದು. ಸೀಬೆಹಣ್ಣು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಒಳ್ಳೆಯದು. ಊಟದ ಜೊತೆಗೇ ತಿನ್ನಬೇಕು, ಮೂರು ಗಂಟೆ ಬಿಟ್ಟು ತಿಂದರೆ ಈ ಕೆಲಸಕ್ಕೆ ಬರುವುದಿಲ್ಲ.

ಧಾರವಾಡದ ಅಕ್ಕ
ನಮ್ಮ ಕಡೆ ಬಾಣಂತಿಗೆ ಅಳವಿ ಕೊಡದೆ ಬಿಡುವುದಿಲ್ಲ. ಅಳವಿ ಪಾಯಸ, ಅಳವಿ ಉಂಡಿ. ಸಾಸಿವೆಗಿಂತ ಸ್ವಲ್ಪ ಉದ್ದ, ಇಟ್ಟಿಗೆ ಬಣ್ಣದ ಬೀಜ. ನೆನೆಸಿದರೆ ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಬಿಡುತ್ತದೆ. ಒಂದು ದೊಡ್ಡ ಚಮಚ ಅಳವಿಯನ್ನು ಹಾಲಿನಲ್ಲಿ ಕುದಿಸಿ, ಬೆಲ್ಲ ಮತ್ತು ಏಲಕ್ಕಿ ಹಾಕಿ ಕೊಡುತ್ತೇವೆ. ಬಸಿರಿಯರಿಗೆ ಮಾತ್ರ ಕೊಡುವುದಿಲ್ಲ, ಉಷ್ಣ ಅಂತ.

ಅಂಟಿನ ಉಂಡಿ ಬೇರೆ. ಅದಕ್ಕೆ ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಬೆಲ್ಲ, ತುಪ್ಪ. ಸೊಂಟಕ್ಕೆ ಬಲ ಅಂತಾರೆ.

ಸೊಪ್ಪು ಬೇಡ ಅನ್ನುವುದು ಕೇಳಿ ನನಗೆ ಆಶ್ಚರ್ಯ ಆಯಿತು. ನಮ್ಮಲ್ಲಿ ಮೊದಲ ವಾರದಿಂದಲೇ ಬಾಣಂತಿಗೆ ಸಬ್ಬಸಿಗೆ ಪಲ್ಯ. ಹಾಲು ಬರುತ್ತದೆ ಅಂತ ಅತ್ತೆಯವರೇ ಕೂತು ತಿನ್ನಿಸುತ್ತಿದ್ದರು. ನನ್ನ ಇಬ್ಬರು ಮಕ್ಕಳಿಗೂ ಏನೂ ಆಗಲಿಲ್ಲ.

ಪುಣೆ ಕನ್ನಡತಿ
ಅಳವಿಗೆ ಇಲ್ಲಿ ಹಳೀವ್ ಅಂತಾರೆ! ಎಳನೀರಿನಲ್ಲಿ ನೆನೆಸಿ, ಹಸಿ ತೆಂಗಿನತುರಿ, ಬೆಲ್ಲ ಸೇರಿಸಿ ಬಾಡಿಸಿ ಲಾಡು ಕಟ್ಟುತ್ತಾರೆ. ಮರಾಠಿ ಮನೆಗಳಲ್ಲೂ ಬಾಣಂತಿಗೆ ಇದೇ. ನನ್ನ ಪಕ್ಕದ ಮನೆಯ ಕಾಕು ನನಗೆ ಡಬ್ಬಿ ತುಂಬಾ ಕಳಿಸಿದ್ದರು. ನೂರು ಗ್ರಾಂಗೆ 100 ಮಿಲಿಗ್ರಾಂ ಕಬ್ಬಿಣ ಇದೆಯಂತೆ, ಅಲ್ವಾ?

ಊಟದ ಲೆಕ್ಕ
ನಾನು ಡಯಟಿಷಿಯನ್. ಆ 100 ಅನ್ನುವುದು ಯಾವ ಆಹಾರದಲ್ಲಿ ಏನೇನು ಎಷ್ಟಿದೆ ಅನ್ನುವ ಹಳೆಯ ಪಟ್ಟಿಯ ಅಂಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಹೊಸ ಪಟ್ಟಿ ತಂದರು. ಅದರಲ್ಲಿ ಅಳವಿಯ ಅಂಕಿ ತುಂಬಾ ಕೆಳಗೆ ಬಂದಿದೆ. ಬೆಲ್ಲವೂ ಹಾಗೇ, ಹಳೆಯದರಲ್ಲಿ 11 ಚಿಲ್ಲರೆ ಇದ್ದದ್ದು ಹೊಸದರಲ್ಲಿ 5ಕ್ಕಿಂತ ಕಡಿಮೆ. ಅಂದರೆ ಒಂದು ಅಚ್ಚಿನ ತುಂಡು, 10 ಗ್ರಾಂ ತಿಂದರೆ ಅರ್ಧ ಮಿಲಿಗ್ರಾಂ. ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ, ಆದರೆ ಅದೇ ಮದ್ದು ಅಂದುಕೊಳ್ಳಬೇಡಿ.

ಅಳವಿ ಆದರೂ ಒಳ್ಳೆಯ ಬೀಜವೇ. ಎಳ್ಳು, ಹುಚ್ಚೆಳ್ಳು ಕೂಡ. ಎಳ್ಳಿನಲ್ಲಿ ನೂರು ಗ್ರಾಂಗೆ 14ರ ಆಸುಪಾಸು ಇದೆ. ಕಾಳುಗಳಲ್ಲಿ ಹುರುಳಿ ಚೆನ್ನಾಗಿದೆ, 8ಕ್ಕಿಂತ ಮೇಲೆ. ಅಲಸಂದೆ, ಮಸೂರ್ ಬೇಳೆ ಕೂಡ ಹಾಕಿಕೊಳ್ಳಿ. ಸೊಪ್ಪಿನಲ್ಲಿ ಪಾಲಕ್ ಹೆಸರು ದೊಡ್ಡದು, ಆದರೆ ನಮ್ಮ ದಂಟಿನ ಸೊಪ್ಪು, ನುಗ್ಗೆ ಸೊಪ್ಪು ಅದಕ್ಕಿಂತ ಮೇಲು. ನುಗ್ಗೆಯಲ್ಲಿ ಸಿ ವಿಟಮಿನ್ನೂ ಇದೆ, ಆದರೆ ಬೇಯಿಸುವಾಗ ತುಂಬಾ ಹೋಗಿಬಿಡುತ್ತದೆ. ಅದಕ್ಕೇ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಕುದಿಯುವಾಗ ಹಿಂಡಬೇಡಿ.

ಬಾಣಂತಿಗೆ ದಿನಕ್ಕೆ 23 ಮಿಲಿಗ್ರಾಂ ಊಟದಲ್ಲಿ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಲೆಕ್ಕ. ಮೆಣಸಿನ ಸಾರು, ಬಿಳಿ ಅನ್ನ ತಿಂದರೆ ಅದರ ಕಾಲು ಭಾಗವೂ ಸಿಗುವುದಿಲ್ಲ. ತುಮಕೂರಿನ ಅಮ್ಮನವರಿಗೆ ಇದನ್ನು ನಿಧಾನವಾಗಿ ಹೇಳಬೇಕು.

ಕರಾವಳಿ ಅಜ್ಜಿ
ನಾನು ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ಎಲ್ಲರೂ ಪಥ್ಯವನ್ನೇ ಬೈಯುತ್ತಿದ್ದೀರಿ, ಅದು ನನಗೆ ಸರಿ ಕಾಣಲಿಲ್ಲ. ಪಥ್ಯ ಅಂದರೆ ಉಪವಾಸ ಅಲ್ಲ. ನಮ್ಮಲ್ಲಿ ಮೆಂತೆ ಗಂಜಿ ಕೊಡುತ್ತೇವೆ, ಹುರುಳಿ ಸಾರು ಕೊಡುತ್ತೇವೆ, ಲೇಹ ಮಾಡಿ ಕೊಡುತ್ತೇವೆ. ಹೊಸದಾಗಿ ಹೆತ್ತವಳಿಗೆ ಜೀರ್ಣ ಮೆಲ್ಲಗೆ ಇರುತ್ತದೆ, ಅದಕ್ಕೆ ಹಗುರ ಊಟ. ಅವಳನ್ನು ಕೆಲಸಕ್ಕೆ ಹಚ್ಚದೆ ನಲವತ್ತು ದಿನ ಕೂರಿಸಿದ್ದು ಯಾರು? ಈ ಪಥ್ಯವೇ ಅಲ್ಲವಾ?

ಮಗಳೇ, ನಿನ್ನ ಅಮ್ಮನಿಗೆ ಹೀಗೆ ಹೇಳು. ಧಾರವಾಡದಲ್ಲಿ ಸಬ್ಬಸಿಗೆ ಕೊಡುತ್ತಾರಂತೆ, ಮಂಗಳೂರಲ್ಲಿ ಹುರುಳಿ ಕೊಡುತ್ತಾರಂತೆ. ಊರೂರಿಗೂ ಒಂದೊಂದು ಪಥ್ಯ ಇದೆ, ಎಲ್ಲ ಊರಲ್ಲೂ ಮಕ್ಕಳು ಚೆನ್ನಾಗಿಯೇ ಬೆಳೆದಿದ್ದಾವೆ. ಜಗಳ ಬೇಡ.

ಹೊಸ ಅಮ್ಮ ತುಮಕೂರು
ಅಜ್ಜಿ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ನಿಮ್ಮ ಮಾತನ್ನೇ ಓದಿ ಹೇಳುತ್ತೇನೆ. ಈ ಪಥ್ಯದಲ್ಲೇ ನನ್ನನ್ನೂ ಸಾಕಿದ್ದು ಅಂತ ಅವರಿಗೆ ನಂಬಿಕೆ, ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಶಿರಾ ಸೊಸೆ
ಹೊಟ್ಟೆಗೆ ಬಟ್ಟೆ ಕಟ್ಟುತ್ತಿದ್ದಾರಾ? ನಮ್ಮತ್ತೆ ಉಸಿರು ಕಟ್ಟುವಷ್ಟು ಬಿಗಿಯಾಗಿ ಕಟ್ಟಿದ್ದರು. ಆಮೇಲೆ ಕೆಂಡದ ಹೊಗೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿ. ನನಗೂ ಕೆಮ್ಮು, ಮಗುವಿಗೂ ಕೆಮ್ಮು.

ಧಾರವಾಡದ ಅಕ್ಕ
ಹೊಗೆ ಬೇಡವೇ ಬೇಡ, ಹಸುಗೂಸಿನ ಕೋಣೆಯಲ್ಲಿ. ಎಣ್ಣೆ ನೀರು ಮಾತ್ರ ಬಿಡಬೇಡಿ, ಅದರ ನಿದ್ದೆಯೇ ಬೇರೆ.

ನರ್ಸಕ್ಕ
ಹೊಗೆ ನಿಲ್ಲಿಸಿ. ಬಾಗಿಲು ಮುಚ್ಚಿ ಕೆಂಡ ಇಟ್ಟರೆ ತಾಯಿ ಮಗು ಇಬ್ಬರಿಗೂ ಅಪಾಯ. ಬಟ್ಟೆ ಸಡಿಲವಾಗಿ ಕಟ್ಟಿದರೆ ತೊಂದರೆ ಇಲ್ಲ. ಎಣ್ಣೆ ನೀರು ಆಗಲಿ, ಆದರೆ ತಲೆ ಸುತ್ತುವವರಿಗೆ ತುಂಬಾ ಬಿಸಿನೀರು ಬೇಡ. ಬಚ್ಚಲಲ್ಲೇ ಬೀಳುತ್ತಾರೆ, ನೋಡಿದ್ದೇನೆ. ಒಬ್ಬರು ಜೊತೆಗಿರಲಿ.

ನೀರಿನ ವಿಷಯವನ್ನು ಯಾರೂ ಹೇಳಲಿಲ್ಲ. ಹಾಲುಣಿಸುವವರು ಬಾಯಾರಿದಷ್ಟೂ ಕುಡಿಯಬೇಕು. ಮಾತ್ರೆ ನುಂಗಿ ನೀರು ಕುಡಿಯದಿದ್ದರೆ ಮಲಬದ್ಧತೆ ಆಗದೆ ಇನ್ನೇನಾಗುತ್ತದೆ? ಸೊಪ್ಪಿಲ್ಲ, ಹಣ್ಣಿಲ್ಲ, ನೀರಿಲ್ಲ. ತಂಗಿ, ನಿಮ್ಮ ಹೊಟ್ಟೆ ಕಟ್ಟಲು ಮಾತ್ರೆ ಒಂದೇ ಕಾರಣ ಅಲ್ಲ.

ಬಿಸಿನೀರು ಆದರೆ ಅಮ್ಮ ಬೇಡ ಅನ್ನಲಿಕ್ಕಿಲ್ಲ. ಜೀರಿಗೆ ಕುದಿಸಿದ ನೀರು ಅಂತ ಹೇಳಿ ಕೇಳಿ. ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ನುಂಗಿ ನೋಡಿ. ಆಗಲೂ ಆಗದಿದ್ದರೆ ಡಾಕ್ಟರಿಗೆ ಹೇಳಿ. ದಿನ ಬಿಟ್ಟು ದಿನ ಕೊಡುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ, ಸಿರಪ್ ಕೊಡುತ್ತಾರೆ. ಯಾವುದೂ ಹಿಡಿಸದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ದಾರಿ ತುಂಬಾ ಇದೆ, ಸುಮ್ನೆ ಬಿಟ್ಟುಬಿಡುವುದು ಮಾತ್ರ ದಾರಿ ಅಲ್ಲ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ.

ಅಪ್ಪನಾದವ
ಇಲ್ಲಿ ಗಂಡಸರು ಬರೆಯಬಹುದಾ? ನನ್ನ ಹೆಂಡತಿಗೂ ಹೀಗೇ ಆಗಿತ್ತು, 8.1. ಅವಳು ಮಾತ್ರೆ ತಪ್ಪದೆ ನುಂಗುತ್ತಿದ್ದಳು, ಆದರೂ ಒಂದು ತಿಂಗಳಲ್ಲಿ ಏರಿದ್ದು ತೀರಾ ಕಡಿಮೆ. ಯಾಕೆ ಅಂತ ಡಾಕ್ಟರ್ ಕೂರಿಸಿ ಕೇಳಿದಾಗ ಗೊತ್ತಾಯಿತು. ಬೆಳಿಗ್ಗೆ ತಿಂಡಿ, ಕಾಫಿ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ನಾಲ್ಕೂ ಒಟ್ಟಿಗೆ. ಮಾತ್ರೆ ಮರೆಯಬಾರದು ಅಂತ ನಾನೇ ಎರಡನ್ನೂ ಒಂದೇ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದೆ. ಕ್ಯಾಲ್ಸಿಯಂ ಜೊತೆ ತಗೊಂಡರೆ ಕಬ್ಬಿಣ ಒಳಗೆ ಹೋಗುವುದೇ ಕಡಿಮೆಯಂತೆ. ನನಗೆ ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಆಮೇಲೆ ಬೇರೆ ಬೇರೆ ಮಾಡಿದೆವು. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ರಾತ್ರಿ ನಿಂಬೆ ನೀರಿನ ಜೊತೆ. ಕಾಫಿ ಊಟಕ್ಕೆ ಎರಡು ಗಂಟೆ ದೂರ. ಎರಡು ತಿಂಗಳಲ್ಲಿ 10.8 ಬಂತು.

ಚಿಕ್ಕಮಗಳೂರು ಕಾಫಿ
ಬಾಣಂತಿಗೆ ಕಾಫಿ ಕೂಡ ಬೇಡವಾ? ನಮ್ಮ ಮನೆಯಲ್ಲಿ ಕಾಫಿ ಇಲ್ಲದೆ ಬೆಳಗಾಗುವುದೇ ಇಲ್ಲ.

ಊಟದ ಲೆಕ್ಕ
ಕುಡಿಯಿರಿ, ಊಟದ ಜೊತೆಗೆ ಬೇಡ. ಟೀ ಇನ್ನೂ ಕೆಟ್ಟದ್ದು, ಕಬ್ಬಿಣವನ್ನು ಅರ್ಧಕ್ಕಿಂತ ಜಾಸ್ತಿ ತಡೆಯುತ್ತದೆ. ಕಾಫಿ ಅದಕ್ಕಿಂತ ಸ್ವಲ್ಪ ಕಡಿಮೆ. ದಿನಕ್ಕೆ ಒಂದು, ಎರಡು ಲೋಟ ಸಾಕು, ಮಗುವಿಗೂ ಹಾಲಿನಲ್ಲಿ ಸ್ವಲ್ಪ ಹೋಗುತ್ತದೆ.

ಮಂಡ್ಯದ ಮಗಳು
ರಾಗಿ ಯಾರೂ ಹೇಳಲೇ ಇಲ್ಲವಲ್ಲ! ಮುದ್ದೆ, ಸೊಪ್ಪಿನ ಬಸ್ಸಾರು. ಇದಕ್ಕಿಂತ ಬೇಕಾ?

ಊಟದ ಲೆಕ್ಕ
ರಾಗಿ ಬಿಳಿ ಅನ್ನಕ್ಕಿಂತ ಎಷ್ಟೋ ಮೇಲು. ನೂರು ಗ್ರಾಂನಲ್ಲಿ 4ಕ್ಕಿಂತ ಜಾಸ್ತಿ ಇದೆ. ಆದರೆ ರಾಗಿಯಲ್ಲೇ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶಗಳೂ ಇವೆ, ಕ್ಯಾಲ್ಸಿಯಂ ಕೂಡ ಜಾಸ್ತಿ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಆ ಹಿಡಿತ ಸಡಿಲ ಆಗುತ್ತದೆ. ಮೂಳೆಗೆ ರಾಗಿಗಿಂತ ಒಳ್ಳೆಯದಿಲ್ಲ. ರಕ್ತಕ್ಕೆ ಮೊಳಕೆ ರಾಗಿ, ಜೊತೆಗೆ ನಿಂಬೆ ಅಥವಾ ಸೀಬೆ.

ಬಸ್ಸಾರಿನಲ್ಲಿ ಕಟ್ಟನ್ನು ಚೆಲ್ಲುವುದಿಲ್ಲ, ಅದೇ ಅದರ ಗುಣ. ಸೊಪ್ಪು ಕಾಳು ಬೇಯಿಸಿದ ನೀರೇ ಸಾರಾಗುತ್ತದೆ. ಕಾಳು ವಾಯು ಅನ್ನುವ ಮನೆಗಳಲ್ಲಿ ಮೊದಲು ಕಟ್ಟಿನ ಸಾರು ಶುರು ಮಾಡಿ, ಒಂದು ವಾರದ ಮೇಲೆ ಕಾಳು ಪಲ್ಯ ಬಡಿಸಿ. ರಾತ್ರಿ ನೆನೆಸಿ ಮೊಳಕೆ ಕಟ್ಟಿದರೆ ಹೊಟ್ಟೆಗೂ ಹಗುರ.

ಇನ್ನೊಂದು, ಪಲ್ಯಕ್ಕೆ ಹಳೆಯ ಕಬ್ಬಿಣದ ಬಾಣಲೆ ಇದ್ದರೆ ಹೊರಗೆ ತೆಗೆಯಿರಿ. ಹುಣಸೆಹುಳಿ, ಟೊಮ್ಯಾಟೊ ಹಾಕಿದ ಅಡುಗೆ ಅದರಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ನಾನ್‌ಸ್ಟಿಕ್‌ನಲ್ಲಿ ಅದು ಸಿಗುವುದಿಲ್ಲ.

ಮೈಸೂರು ಸೀಮೆ
ಸರ್ಕಾರಿ ಮಾತ್ರೆ ನುಂಗಿ ನನ್ನ ಅಕ್ಕನಿಗೆ ಬರೀ ವಾಂತಿ. ಒಳ್ಳೆಯ ಕಂಪನಿಯದು ಖರೀದಿ ಮಾಡಿ. ಪುಕ್ಕಟೆ ಕೊಡುವುದು ಯಾವುದೂ ಚೆನ್ನಾಗಿರುವುದಿಲ್ಲ.

ನರ್ಸಕ್ಕ
ಇದನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ಮಾತ್ರೆಯಲ್ಲೂ ಇರುವುದು ಕಬ್ಬಿಣ, ಫೋಲಿಕ್ ಆಮ್ಲ. ಅಂಗಡಿಯದರಲ್ಲೂ ಅದೇ. ಬೇರೆ ಜಾತಿಯ ಕಬ್ಬಿಣ ಕೆಲವರಿಗೆ ಹೊಟ್ಟೆಗೆ ಹಗುರ ಅನ್ನಿಸುತ್ತದೆ, ನಿಜ. ಆದರೆ ಪುಕ್ಕಟೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಮಾತ್ರೆ ಕಿಟಕಿ ಮೇಲೆ ಧೂಳು ಹಿಡಿಯುತ್ತದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಂಥ ಕಡೆ ದಯವಿಟ್ಟು ಮಾತ್ರೆಗೆ ಕೆಟ್ಟ ಹೆಸರು ತರಬೇಡಿ.

ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಇದೆ, 2017ರಿಂದ ಕೊಡುತ್ತಿದ್ದಾರೆ. ಬಸಿರಿ, ಬಾಣಂತಿ ಇಬ್ಬರಿಗೂ. ಅನ್ನ, ಸಾರು, ತರಕಾರಿ, ಹಾಲು, ಚಿಕ್ಕಿ. ಅಲ್ಲಿ ಹೋಗುವುದು ಅವಮಾನ ಅಂದುಕೊಳ್ಳುವವರಿದ್ದಾರೆ. ಅದು ನಮ್ಮ ಹಕ್ಕು.

ಮೈಸೂರು ಸೀಮೆ
ಅಕ್ಕ, ಬೇಜಾರಾಗಬೇಡಿ. ವಾಂತಿ ಆದದ್ದು ನಿಜ, ಅದಕ್ಕೆ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಳು ಅಂತ ಈಗ ಅನ್ನಿಸುತ್ತಿದೆ.

ಬಿ12 ಬಗ್ಗೆ ಕೇಳಿ
ಎಲ್ಲರೂ ಕಬ್ಬಿಣ ಕಬ್ಬಿಣ ಅಂತಿದ್ದೀರಿ. ನನ್ನದು ಬೇರೆ ಕಥೆ. ಎಂಟು ತಿಂಗಳು ಕಬ್ಬಿಣ ನುಂಗಿದೆ, ಏರಲಿಲ್ಲ. ಕೈಕಾಲು ಜೋಮು, ನಾಲಿಗೆ ಉರಿ, ಮರೆವು. ಬಾಣಂತನದ ಸುಸ್ತು ಅಂತ ಎಲ್ಲರೂ ಸಮಾಧಾನ ಹೇಳಿದರು. ಕೊನೆಗೆ ಪರೀಕ್ಷೆ ಮಾಡಿಸಿದರೆ ಬಿ12 ವಿಟಮಿನ್ ಪಾತಾಳದಲ್ಲಿತ್ತು.

ಸೊಪ್ಪು, ಕಾಳು, ಬೀಜ ಎಷ್ಟು ತಿಂದರೂ ಬಿ12 ಬರುವುದಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಮೊಟ್ಟೆನೂ ತಿನ್ನದ ನಮ್ಮಂಥವರು ಎಚ್‌ಬಿ ಜೊತೆ ಬಿ12 ಕೂಡ ನೋಡಿಸಲೇಬೇಕು. ತಾಯಿಗೆ ಬಿ12 ಇಲ್ಲದಿದ್ದರೆ ಹಾಲಿನಲ್ಲೂ ಕಡಿಮೆ ಆಗುತ್ತದೆ. ಮಗುವಿಗೆ ತೊಂದರೆ ಆಗುವುದು ಇಲ್ಲಿ.

ನರ್ಸಕ್ಕ
ತುಂಬಾ ಒಳ್ಳೆಯ ಮಾತು. ನಾನು ಮೊದಲೇ ಹೇಳಬೇಕಿತ್ತು. ಎರಡು ತಿಂಗಳು ಸರಿಯಾಗಿ ಮಾತ್ರೆ ತಗೊಂಡೂ ಏರದಿದ್ದರೆ ಬಿ12, ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ದೋಷ) ಅಂಶ, ಜಂತುಹುಳು ಎಲ್ಲ ನೋಡಬೇಕು.

ಇನ್ನೊಂದು ಮಾತು ಎಲ್ಲರಿಗೂ. ಕೂತಲ್ಲೇ ಉಸಿರು ಕಟ್ಟಿದಂತಾದರೆ, ಎದೆ ಡವಡವ ಹೊಡೆದುಕೊಂಡರೆ, ಮೂರ್ಛೆ ಬಂದರೆ, ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಯಾವ ಸೊಪ್ಪೂ ಬೇಡ, ಯಾರ ಸಲಹೆಯೂ ಬೇಡ. ನೇರ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ.

ಹೊಸ ಅಮ್ಮ ತುಮಕೂರು
ಎಲ್ಲರಿಗೂ ಕೈ ಮುಗಿದೆ. ಅಜ್ಜಿಯ ಮಾತು, ಧಾರವಾಡದ ಅಕ್ಕನ ಮಾತು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಜೆ ನೋಡಿದರೆ ಹಿತ್ತಲಿನ ನುಗ್ಗೆ ಮರದಿಂದ ಸೊಪ್ಪು ಕಿತ್ತು ತಂದಿದ್ದರು. ಮಗುವಿಗೆ ಏನಾದರೂ ಆದರೆ ನಿಲ್ಲಿಸುತ್ತೇನೆ ಅಂತ ಷರತ್ತು ಹಾಕಿದ್ದಾರೆ. ರಾತ್ರಿಯ ಮಾತ್ರೆ ಇವತ್ತಿಂದ ಶುರು. ಆಗಾಗ ಬಂದು ಹೇಳುತ್ತೇನೆ.

ಪುಣೆ ಕನ್ನಡತಿ
ನುಗ್ಗೆ ಸೊಪ್ಪು ಕಹಿ ಅನ್ನಿಸಿದರೆ ತೊಗರಿಬೇಳೆ, ತೆಂಗಿನತುರಿ ಹಾಕಿ. ಎಳೆಯ ಎಲೆ ಮಾತ್ರ ಬಿಡಿಸಿ, ಕಡ್ಡಿ ಸೇರಬಾರದು.

ಹೊಸ ಅಮ್ಮ ತುಮಕೂರು
ಒಂಬತ್ತು ವಾರದ ಮೇಲೆ ಬರೆಯುತ್ತಿದ್ದೇನೆ. ಎಚ್‌ಬಿ 10.6 ಆಗಿದೆ. ಕಣ್ಣು ಕತ್ತಲೆ ನಿಂತಿದೆ, ಮಗು ಎತ್ತಿಕೊಂಡು ಮೆಟ್ಟಿಲು ಹತ್ತುತ್ತೇನೆ. ಮಾತ್ರೆ ರಾತ್ರಿ ನುಂಗುವುದಕ್ಕೆ ಹೊಂದಿಕೊಂಡೆ. ಬಿಸಿನೀರು ಒಂದು ಫ್ಲಾಸ್ಕ್ ಯಾವಾಗಲೂ ಪಕ್ಕದಲ್ಲಿರುತ್ತದೆ, ಅಮ್ಮನೇ ತುಂಬಿಸಿಡುತ್ತಾರೆ. ಮಗುವಿಗೆ ಸೊಪ್ಪಿನಿಂದ ಏನೂ ಆಗಲಿಲ್ಲ.

ಬಿ12 ಕೂಡ ನೋಡಿಸಿದೆ. 148 ಬಂತು, ಕಡಿಮೆ ಅಂತ ಡಾಕ್ಟರ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಇಲ್ಲಿ ಕೇಳದಿದ್ದರೆ ಆ ಪರೀಕ್ಷೆ ನಾನು ಮಾಡಿಸುತ್ತಲೇ ಇರಲಿಲ್ಲ.

ಬಿ12 ಬಗ್ಗೆ ಕೇಳಿ
ಸದ್ಯ, ಬೇಗ ಗೊತ್ತಾಯಿತು. ಇಂಜೆಕ್ಷನ್ ಒಂದೂ ತಪ್ಪಿಸಬೇಡಿ. ನಿಮ್ಮ ಅಮ್ಮನದೂ ಒಂದು ಸಲ ನೋಡಿಸಿ, ಅವರೂ ಅದೇ ಊಟ ಮಾಡಿದವರು ಅಲ್ವಾ.

ಹೊಸ ಅಮ್ಮ ತುಮಕೂರು
ಸೋಮವಾರ ನನ್ನ ಇಂಜೆಕ್ಷನ್ ಇದೆ. ಅವರನ್ನೂ ಕರೆದುಕೊಂಡು ಹೋಗುತ್ತೇನೆ.